ಕೋಚ್ ಮರಾಸ್ಕಿ ಹಾಕಿದ ಹನ್ನೆರಡು ಸುತ್ತು

ಮೊದಲು ಕದಲಿದವನು ತಾನಲ್ಲ ಎಂದು ಎಮಿಲ್ ಕೊವಾಚಿಕ್ ಇವತ್ತಿಗೂ ಹೇಳುತ್ತಾನೆ. ಕೇಳಿದವರಿಗೂ ಹೇಳುತ್ತಾನೆ, ಕೇಳದವರ ತೋಳು ಹಿಡಿದು ನಿಲ್ಲಿಸಿಯೂ ಹೇಳುತ್ತಾನೆ. ಹೇಳುವಾಗ ಮುಖ ಕೆಂಪಾಗುತ್ತದೆ, ಕೈಯಲ್ಲಿ ಕಾಫಿ ಇದ್ದರೆ ಅರ್ಧ ನೆಲಕ್ಕೆ ಹೋಗುತ್ತದೆ. ಅಂಥಾ ಅನ್ಯಾಯ ಎದೆಯಲ್ಲಿಟ್ಟುಕೊಂಡವನು ಮೆಲ್ಲಗೆ ಮಾತಾಡಬೇಕೆಂದು ಯಾವ ಕಾನೂನೂ ಇಲ್ಲ.

ಟಾರ್ನ್‌ಬರ್ಗ್ ಹೈಸ್ಕೂಲಿನ ಫುಟ್‌ಬಾಲ್ ತಂಡದಲ್ಲಿ ಎಮಿಲ್ ಮುಂದಿನ ಸಾಲಿನ ಆಳು. ನಮ್ಮ ಫುಟ್‌ಬಾಲಿನಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವವನು ಒಬ್ಬ. ಅವನಿಗೆ ದಾರಿ ಬಿಡಿಸಲು ಎದುರಾಳಿಗಳ ಎದೆಗೆ ಎದೆ ಕೊಟ್ಟು ಗುದ್ದುವವರು ಮುಂದಿನ ಸಾಲಿನವರು. ಊರವರ ಕಣ್ಣೆಲ್ಲ ಓಡುವವನ ಮೇಲೆ. ಗುದ್ದುವವರನ್ನು ಅವರ ತಾಯಂದಿರು ಬಿಟ್ಟರೆ ಇನ್ಯಾರೂ ನೋಡುವುದಿಲ್ಲ. ತಪ್ಪು ಮಾಡಿದಾಗ ಮಾತ್ರ ನೋಡುತ್ತಾರೆ. ಚೆಂಡು ಕದಲುವ ಮೊದಲೇ ಸಾಲಿನಲ್ಲಿ ಯಾವನಾದರೂ ಕದಲಿದನೋ, ಅಂಪೈರು ಹಳದಿ ಬಟ್ಟೆ ಎಸೆಯುತ್ತಾನೆ, ಇಡೀ ತಂಡ ಐದು ಗಜ ಹಿಂದೆ.

ಆ ವರ್ಷದ ಕೊನೆಯ ಪಂದ್ಯ ಬದ್ಧವೈರಿ ಓಕ್ ಫರ್ನೇಸ್ ಊರಿನ ಮೇಲೆ. ಪಂದ್ಯದ ಕೊನೆಯ ಗಳಿಗೆ, ನಮಗೆ ಕೊನೆಯ ಅವಕಾಶ, ಗೆಲ್ಲಲು ಬೇಕಾಗಿದ್ದು ಒಂದೇ ಗಜ. ಆಗ ಸಾಲಿನ ಎಡಗಡೆ ಯಾರೋ ಕದಲಿದರು. ಬಟ್ಟೆ ಬಿತ್ತು. ಒಂದು ಗಜ ಆರು ಗಜವಾಯಿತು. ಎಡಗಡೆ ನಿಂತಿದ್ದವರು ಇಬ್ಬರು, ಎಮಿಲ್ ಮತ್ತು ಗಸ್ ಪೆಟ್ರೆಲ್ಲಿ. ಅಂಪೈರು ಯಾರೆಂದು ಹೇಳಲಿಲ್ಲ. ಹೇಳಿದವರು ಕೋಚ್ ಥಾಡ್ ಮರಾಸ್ಕಿ, ಅದೂ ಮೈದಾನದ ಅಂಚಿನಿಂದ, ಅರ್ಧ ಊರಿಗೆ ಕೇಳುವ ಹಾಗೆ.

"ಕೊವಾಚಿಕ್! ಹನ್ನೆರಡು ಸುತ್ತು!"

ಮುಂದಿನ ಆಟದಲ್ಲಿ ನಮ್ಮವನು ಆರು ಗಜ ಓಡಿ ಗೆದ್ದೇಬಿಟ್ಟ. ಊರೆಲ್ಲ ಕುಣಿಯಿತು. ಆದರೆ ಸೋಮವಾರ ಕೋಚ್, ಸುತ್ತ ಓಡು ಎಂದು ಮೈದಾನದ ಕಡೆ ಬೆರಳು ತೋರಿಸಿದರು. ಆಟದ ಕಾಲ ಮುಗಿದಿತ್ತು, ಪಂದ್ಯ ಗೆದ್ದಾಗಿತ್ತು, ಆದರೂ ಹನ್ನೆರಡು ಸುತ್ತು ಹನ್ನೆರಡು ಸುತ್ತೇ. ಎಮಿಲ್ ಹೆಲ್ಮೆಟ್ಟನ್ನು ಅವರ ಕಾಲ ಬಳಿ ಇಟ್ಟು ಸೀದಾ ಮನೆಗೆ ನಡೆದ. ಆ ಚಳಿಗಾಲವೇ ಅಪ್ಪನ ಬೆನ್ನು ಕೈಕೊಟ್ಟು ದುಡಿಮೆ ನಿಂತಿತು. ಎಮಿಲ್ ಓದು ಬಿಟ್ಟು ಉಕ್ಕಿನ ಕಾರ್ಖಾನೆ ಸೇರಿದ. ಬೆಸುಗೆ ಕಲಿತ, ಗಸ್‌ನ ಜೊತೆ ಒಂದೇ ಪಾಳಿಯಲ್ಲಿ ದುಡಿದ, ಜಗಳ ಆಡಿದ. ಆ ಗಸ್ ಕೊನೆಗೆ ಎಮಿಲ್‌ನ ತಂಗಿಯನ್ನೇ ಮದುವೆಯಾದ. ಮದುವೆಯ ದಿನ ಚರ್ಚಿನ ಮೆಟ್ಟಿಲ ಮೇಲೆ ಎಮಿಲ್ ಅವನ ಟೈ ಹಿಡಿದು ಕೇಳಿದ್ದು ಒಂದೇ ಮಾತು: "ಈಗಲಾದ್ರೂ ಹೇಳೋ, ಕದಲಿದ್ದು ನೀನೇ ತಾನೇ?"

"ಭಾವಾ, ನನಗೆ ನಿಜಕ್ಕೂ ನೆನಪಿಲ್ಲ ಕಣೋ."

"ಕದ್ದವನಿಗೆ ಯಾವತ್ತೂ ನೆನಪಿರಲ್ಲ ಬಿಡು."

ಮರಾಸ್ಕಿಯಿಂದ ಸುತ್ತು ಹಾಕಿಸಿಕೊಳ್ಳದ ಗಂಡಸು ನಮ್ಮೂರಲ್ಲಿ ಸಿಗುವುದು ಕಷ್ಟ. ತಡವಾಗಿ ಬಂದರೆ ಎರಡು, ಬೂಟಿನ ದಾರ ಬಿಚ್ಚಿದ್ದರೆ ಒಂದು, ತಾಯಿಗೆ ಎದುರು ಮಾತಾಡಿದ ಸುದ್ದಿ ಬಂದರೆ ಐದು. ಎಲ್ಲಿಯೂ ಬರೆದುಕೊಳ್ಳುತ್ತಿರಲಿಲ್ಲ, ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಶಾಲೆ ಬಿಟ್ಟು ಇಪ್ಪತ್ತು ವರ್ಷವಾದ ಮೇಲೂ ಅಂಗಡಿಯಲ್ಲಿ ಹಾಲಿನ ಡಬ್ಬಿ ಹಿಡಿದು ನಿಂತವನ ಬೆನ್ನ ಹಿಂದೆ ಬಂದು, "ನಾಲ್ಕು ಬಾಕಿ ಇದೆಯಲ್ಲಪ್ಪಾ" ಎನ್ನುತ್ತಿದ್ದರು. ಅವರಿಗೆ ಒಮ್ಮೆ ಎದೆನೋವು ಬಂದು ಆಸ್ಪತ್ರೆ ಸೇರಿದಾಗ ನೋಡಲು ಬಂದ ಡಾಕ್ಟರು ಅವರ ಹಳೆಯ ಹುಡುಗ. ನಾಡಿ ಹಿಡಿದಿದ್ದ ಡಾಕ್ಟರಿಗೇ ಮೂರು ಸುತ್ತು ನೆನಪಿಸಿದರಂತೆ. ಆತ ಬಿಳಿ ಕೋಟಿನಲ್ಲೇ ಕೆಳಗಿಳಿದು, ಕಾರು ನಿಲ್ಲಿಸುವ ಬಯಲನ್ನು ಮೂರು ಸಲ ಸುತ್ತಿ, ಏದುಸಿರು ಬಿಡುತ್ತ ವಾಪಸು ಬಂದು ಮತ್ತೆ ನಾಡಿ ಹಿಡಿದ. "ಈಗ ನಿನ್ನದು ನನ್ನದಕ್ಕಿಂತ ಜೋರಾಗಿದೆ" ಎಂದರಂತೆ ಕೋಚ್. ಪಾದ್ರಿ ಓಡಿದರು, ಪೊಲೀಸಿನವನು ಓಡಿದ. ಓಡಲ್ಲ ಎಂದವನು ಎಮಿಲ್ ಒಬ್ಬನೇ.

ಕಾರ್ಖಾನೆ ಮುಚ್ಚಿದಾಗ ಎಮಿಲ್‌ನ ಬಾಗಿಲು ತಟ್ಟಿದವರೂ ಅದೇ ಕೋಚ್. ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡುವ, ಓಡಿಸುವ ಕೆಲಸ ಇದೆ, ನಾಳೆ ಬೆಳಿಗ್ಗೆ ಬಾ ಎಂದರು. ಎಮಿಲ್ ತಲೆಯ ಟೋಪಿ ತೆಗೆದು ಎದೆಗೊತ್ತಿಕೊಂಡ. ಮೆಟ್ಟಿಲಿಳಿಯುತ್ತ ಕೋಚ್ ತಿರುಗಿ, "ಮತ್ತೆ ಆ ಹನ್ನೆರಡು ಯಾವಾಗ?" ಎಂದರು. ತೆಗೆದ ಟೋಪಿ ಆ ಕ್ಷಣವೇ ತಲೆಗೆ ಮರಳಿತು. ಎಮಿಲ್ ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಲ್ಲಿಂದ ಮುಂದೆ ಪರವೂರಿನ ಪಂದ್ಯಗಳಿಗೆ ತಂಡದ ಬಸ್ಸು ಓಡಿಸಿದವನು ಎಮಿಲ್. ಕೋಚ್ ಅವನ ಬೆನ್ನ ಹಿಂದಿನ ಸೀಟಿನಲ್ಲಿ. ಹೋಗುವಾಗ ಜಗಳ, ಬರುವಾಗ ಜಗಳ.

"ಫಿಲ್ಮು ತೋರ್ಸಿ ಕೋಚ್. ಕ್ಷೌರದಂಗಡಿ ಬರ್ನಿ ಅವತ್ತು ಗ್ಯಾಲರಿ ಚಾವಣಿ ಮೇಲೆ ಕ್ಯಾಮೆರಾ ಹಿಡ್ಕೊಂಡು ಕೂತಿದ್ನಲ್ಲ. ಫಿಲ್ಮು ನೋಡಿದ್ರೆ ಗೊತ್ತಾಗುತ್ತೆ."

"ನನ್ನ ಕಣ್ಣು ನೋಡಿದೆ. ಫಿಲ್ಮು ಯಾಕೆ? ರಸ್ತೆ ನೋಡಿಕೊಂಡು ಓಡಿಸು."

ಪ್ರತಿ ಪಂದ್ಯದ ಫಿಲ್ಮನ್ನು ಶನಿವಾರ ಬೆಳಿಗ್ಗೆ ಡೋನಟ್ ತಿನ್ನುತ್ತ ತಂಡಕ್ಕೆಲ್ಲ ತೋರಿಸಿ, ಒಬ್ಬೊಬ್ಬನ ತಪ್ಪನ್ನೂ ಹಿಂದಕ್ಕೆ ಓಡಿಸಿ ಮತ್ತೆ ಮತ್ತೆ ತೋರಿಸುವುದು ಕೋಚ್‌ನ ಪದ್ಧತಿ. ಕೊನೆಯ ಪಂದ್ಯದ ಬಳಿಕ ಇನ್ನೊಂದು ಪಂದ್ಯ ಇರಲಿಲ್ಲವಾದ್ದರಿಂದ ಅದೊಂದು ಫಿಲ್ಮನ್ನು ತಂಡದವರು ಯಾರೂ ನೋಡಿರಲಿಲ್ಲ. ಡಬ್ಬಿ ಅವರ ಮನೆಯ ನೆಲಮಾಳಿಗೆ ಸೇರಿತು.

ಈ ವಸಂತದಲ್ಲಿ ಕೋಚ್ ತೀರಿಕೊಂಡರು. ತೊಂಬತ್ತು ದಾಟಿದ್ದರು, ನಿದ್ದೆಯಲ್ಲೇ ಹೋದರು, ಅಳುವಂಥ ಸಾವಲ್ಲ. ಆಗಸ್ಟಿನಲ್ಲಿ ಹೊಸ ಹುಡುಗರ ಅಭ್ಯಾಸ ಶುರುವಾಗುವ ಮುಂಚಿನ ಶನಿವಾರ ಹಳಬರೆಲ್ಲ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಸೇರಿ ಅವರನ್ನು ನೆನೆಯುವುದು, ಆಮೇಲೆ ಎದುರಿನ ಮೈದಾನಕ್ಕೆ ಹೋಗಿ ತಂತಮ್ಮ ಬಾಕಿ ಸುತ್ತು ಓಡಿ ಮುಗಿಸುವುದು ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಕೋಚ್‌ನ ಹೆಂಡತಿ ವಿಲ್ಮಾ ಎಮಿಲ್‌ಗೆ ಫೋನು ಮಾಡಿದರು.

"ಎಮಿಲ್, ನೆಲಮಾಳಿಗೆ ಗುಡಿಸ್ತಾ ಇದ್ದೆ. ನಿನ್ನ ಡಬ್ಬಿ ಸಿಕ್ತಪ್ಪ."

ಆ ವಾರ ಎಮಿಲ್ ಊರಿನ ಪ್ರತಿಯೊಬ್ಬನಿಗೂ ಶನಿವಾರ ಬರಲೇಬೇಕೆಂದು ತಾಕೀತು ಮಾಡಿದ. ಹೆಂಡತಿಗೆ ಹೇಳಿ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡ. ಮೂವತ್ತೇಳು ವರ್ಷ ತಪ್ಪುಗಾರ ಅನ್ನಿಸಿಕೊಂಡವನಿಗೆ ಆ ಶನಿವಾರ ತೀರ್ಪು ಬರುವುದಿತ್ತು.

ಸಭಾಂಗಣ ತುಂಬಿ ಹೊರಗೂ ಜನ ನಿಂತಿದ್ದರು. ಅಡುಗೆಯ ಹೆಂಗಸರು ಈರುಳ್ಳಿ, ಬೆಣ್ಣೆಯಲ್ಲಿ ಹುರಿದ ಪಿರೋಗಿ ಕಡುಬುಗಳನ್ನು ತಟ್ಟೆಗಟ್ಟಲೆ ತಂದಿಡುತ್ತಿದ್ದರು, ಸಾಸೇಜಿನ ಹೊಗೆ ಕಿಟಕಿಯಿಂದ ಒಳಬರುತ್ತಿತ್ತು. ಒಬ್ಬೊಬ್ಬರೂ ಎದ್ದು ಕೋಚ್ ತಮಗೆ ಹೇಗೆ ಬೈದರು ಎಂದು ಹೆಮ್ಮೆಯಿಂದ ಹೇಳಿಕೊಂಡರು. ಹೊಗಳಿಸಿಕೊಂಡೆ ಎಂದವನನ್ನು ಸುಳ್ಳುಗಾರ ಎಂದು ಕೂಗಿ ಕೂರಿಸಿದರು. ಮುಂದಿನ ಸಾಲಿನಲ್ಲಿ ವಿಲ್ಮಾ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

ಕೊನೆಗೆ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಕಿಟಕಿಗೆ ಪರದೆ ಎಳೆದರು. ಅಂದು ಕ್ಯಾಮೆರಾ ಹಿಡಿದಿದ್ದ ಕ್ಷೌರದಂಗಡಿಯ ಬರ್ನಿಯೇ ಹಳೆಯ ಪ್ರೊಜೆಕ್ಟರಿನ ಬಳಿ ನಿಂತಿದ್ದ. ಈಗ ಅರವತ್ತು ಮುಟ್ಟುತ್ತಿರುವ ಮುದುಕ. ಎಮಿಲ್ ಗಸ್‌ನನ್ನು ತನ್ನ ಪಕ್ಕವೇ ಕೂರಿಸಿಕೊಂಡು ಮಣಿಕಟ್ಟು ಹಿಡಿದಿದ್ದ, ಎದ್ದು ಓಡದ ಹಾಗೆ.

ಬಟ್ಟೆಯ ಮೇಲೆ ಹುಡುಗರು ಮೂಡಿದರು. ಸತ್ತವರು ಕೆಲವರು, ಬೋಳಾದವರು ಹಲವರು, ಎಲ್ಲರೂ ಹದಿನೇಳರ ಹರೆಯದಲ್ಲಿ. ಗುಂಪಿನಲ್ಲಿ ಒಬ್ಬೊಬ್ಬರ ಹೆಸರಿಗೂ ಕೂಗು ಬಿತ್ತು. ಕೊನೆಯ ಅವಕಾಶ ಬಂತು. ಸಾಲು ಬಗ್ಗಿ ನಿಂತಿತು. ಎಮಿಲ್ ಎದ್ದು ನಿಂತ.

"ನೋಡ್ಕೊಳಿ! ಎಲ್ಲಾ ಕಣ್ಣು ಬಿಟ್ಟು ನೋಡ್ಕೊಳಿ!"

ಅಷ್ಟು ಹೊತ್ತಿಗೆ ಚಿತ್ರ ಎಡಕ್ಕೆ ಸರಿಯಿತು. ಮೈದಾನ ಮಾಯವಾಗಿ, ಬ್ಯಾಂಡಿನವರು ಬಂದರು. ಅದರಲ್ಲೂ ಒಬ್ಬಳೇ ಹುಡುಗಿ, ಉದ್ದ ಟೋಪಿ, ಕೆಂಪು ಕೋಟು, ತುತ್ತೂರಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಚಳಿಗೆ ಕೈಯುಜ್ಜಿ ಊದಿಕೊಳ್ಳುತ್ತಿದ್ದಾಳೆ. ಅವಳು ಮೇಲೆ ನೋಡಿ ಕ್ಯಾಮೆರಾಗೆ ಕೈ ಬೀಸಿದಳು. ನಿಧಾನವಾಗಿ ಚಿತ್ರ ಮೈದಾನಕ್ಕೆ ಮರಳಿದಾಗ ಹಳದಿ ಬಟ್ಟೆ ಹುಲ್ಲಿನ ಮೇಲೆ ಬಿದ್ದಿತ್ತು, ಕೋಚ್ ಬೆರಳು ಚಾಚಿ ಕೂಗುತ್ತಿದ್ದರು.

 ಎಮಿಲ್ ಪ್ರೊಜೆಕ್ಟರಿನ ಕಡೆ ತಿರುಗಿ ಅರಚಿದ.

"ಬರ್ನೀ! ಏ ಮುದುಕಾ! ಯಾವಳೋ ಅವಳು?"

ಪಿರೋಗಿ ತಟ್ಟೆ ಹಿಡಿದು ನಿಂತಿದ್ದ ಬರ್ನಿಯ ಹೆಂಡತಿ ಡೊಲೊರಿಸ್ ಹಿಂದಿನಿಂದ ಉತ್ತರ ಕೊಟ್ಟಳು. "ನಾನು ಕಣೋ ಎಮಿಲ್! ಆಗಿನ್ನೂ ನಮಗೆ ಮದುವೆ ಆಗಿರಲಿಲ್ಲ."

ಬಿದ್ದ ನಗುವಿಗೆ ಬೆಂಚುಗಳು ಅಲುಗಾಡಿದವು. ಬರ್ನಿ ಎರಡೂ ಕೈ ಎತ್ತಿ, "ನೋಡಯ್ಯ, ಕಣ್ಣು ಆ ಕಡೆ ಹೋಯ್ತು, ಕ್ಯಾಮೆರಾನೂ ಹೋಯ್ತು. ಎರಡು ಮಕ್ಕಳಾದ್ವು. ಈಗ ಏನು ಮಾಡ್ಲಿ?" ಎಂದ.

"ನಿನ್ನ ಪ್ರೇಮಕ್ಕೆ ನನ್ನ ಹೆಸರು ಬಲಿ ಹೋಯ್ತಲ್ಲೋ!"

"ಕೋಚ್ ಇದನ್ನ ನೋಡಿದ್ರಾ?" ಎಂದು ಗಸ್ ವಿಲ್ಮಾರನ್ನು ಕೇಳಿದ.

"ಆ ಚಳಿಗಾಲವೇ ನೆಲಮಾಳಿಗೆಯಲ್ಲಿ ಒಬ್ಬರೇ ಕೂತು ನೋಡಿದ್ರು. ಮೇಲೆ ಬಂದಾಗ ಏನಿತ್ತು ಅಂತ ಕೇಳಿದೆ. ಬ್ಯಾಂಡು ಚೆನ್ನಾಗಿದೆ ಅಂದ್ರು."

ಎಮಿಲ್ ತಲೆ ಮೇಲೆ ಕೈ ಹೊತ್ತು ಕುಸಿದು ಕೂತ. ಪರದೆ ಸರಿಸಲು ಒಬ್ಬ ಎದ್ದ. ಬರ್ನಿ ಬೇಡ ಎಂದ, ಇನ್ನೊಂದು ಆಟ ಉಳಿದಿದೆ. ಹೌದು, ಆರು ಗಜದ ಆಟ. ಆ ಓಟಗಾರನ ಫೋಟೋ ಇವತ್ತಿಗೂ ಬಾರಿನ ಗೋಡೆಯ ಮೇಲಿದೆ, ಆ ಓಟವನ್ನು ಊರು ಎಷ್ಟು ಸಲ ಹೇಳಿಕೊಂಡಿದೆಯೋ ಲೆಕ್ಕವಿಲ್ಲ. ಆದರೆ ಈ ಫಿಲ್ಮಿನ ಹಾಗೆ ಎತ್ತರದಿಂದ ನೋಡಿದವರು ಕಡಿಮೆ.

ಚೆಂಡು ಕದಲಿತು. ಸಾಲಿನ ಎಡಗಡೆಯಿಂದ ದಪ್ಪ ಹುಡುಗನೊಬ್ಬ ಎದ್ದ. ಸಿಟ್ಟಿನಲ್ಲಿ ಎದ್ದ ಎಂಬುದು ಬೆನ್ನಿನಿಂದಲೇ ಗೊತ್ತಾಗುತ್ತಿತ್ತು. ಮೊದಲನೆಯವನನ್ನು ಎದೆಗೆ ಗುದ್ದಿ ಮಲಗಿಸಿದ. ಅವನ ಮೇಲೇ ದಾಟಿ ಎರಡನೆಯವನನ್ನು ಹೊತ್ತುಕೊಂಡು ಹೋಗಿ ಮೂರನೆಯವನ ಮೇಲೆ ಒಗೆದ. ಹಿಂದೆ ತೆರೆದ ದಾರಿಯಲ್ಲಿ ಹಾಲಿನ ಗಾಡಿ ಹೋಗಬಹುದಿತ್ತು. ಆ ದಾರಿಯಲ್ಲಿ ಓಟಗಾರ ಹೋದ, ಒಬ್ಬನೂ ಮುಟ್ಟಲಿಲ್ಲ.

"ಅದು ಯಾರು?" ಎಂದು ಡಾಕ್ಟರು ಕೇಳಿದರು.

"ಹಿಂದಕ್ಕೆ ಓಡ್ಸು ಬರ್ನಿ!"

ಬರ್ನಿ ಓಡಿಸಿದ. ಮೂವರೂ ನೆಲದಿಂದೆದ್ದು ನಿಂತರು, ದಪ್ಪ ಹುಡುಗ ಹಿಂದೆ ಹಿಂದೆ ನಡೆದು ಸಾಲಿಗೆ ಸೇರಿದ. ಮತ್ತೆ ಎದ್ದ, ಮತ್ತೆ ಮೂವರೂ ಬಿದ್ದರು. ಬೆನ್ನಿನ ಸಂಖ್ಯೆ ಕಂಡಿತು. ಎಪ್ಪತ್ತೊಂದು.

"ಭಾವಾ," ಎಂದ ಗಸ್, "ಅದು ನೀನು ಕಣೋ."

ಎಮಿಲ್ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಆ ಗುದ್ದು ಅವನಿಗೆ ನೆನಪೇ ಇರಲಿಲ್ಲ. ಇಷ್ಟು ವರ್ಷ ಬೆರಳು ಚಾಚಿದ ಕೋಚ್ ಮಾತ್ರ ಕಣ್ಣಮುಂದೆ ನಿಂತಿದ್ದರು. ಅದರ ಮುಂದಿನದೆಲ್ಲ ಆ ಸಿಟ್ಟಿನ ಹೊಗೆಯಲ್ಲಿ ಮುಚ್ಚಿಹೋಗಿತ್ತು. ಊರಿನ ದೊಡ್ಡ ಗೆಲುವಿಗೆ ದಾರಿ ಕಡಿದವನು ತಾನು ಎಂಬುದು ತನಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ. ಐದಾರು ಸಲ ಹಿಂದಕ್ಕೆ ಓಡಿಸಿದರು. ಪ್ರತಿ ಸಲ ಓಕ್ ಫರ್ನೇಸಿನವರು ಬಿದ್ದಾಗಲೂ ಸಭಾಂಗಣ ಒಂದೇ ದನಿಯಲ್ಲಿ "ಕೊವಾಚಿಕ್!" ಎಂದು ಕೂಗಿತು. ಪಾದ್ರಿ ಮೇಜಿನ ಮೇಲೆ ಹತ್ತಿದ್ದರು. ಎಮಿಲ್‌ನ ಹೆಂಡತಿ ಇಸ್ತ್ರಿ ಮಾಡಿದ ಅಂಗಿಯ ಕಾಲರು ಹಿಡಿದೆಳೆದು ಎಲ್ಲರೆದುರೇ ಮುತ್ತಿಟ್ಟಳು. "ಮಾತಾಡು, ಮಾತಾಡು" ಎಂದು ಜನ ಅವನನ್ನು ಮುಂದೆ ನೂಕಿದರು.

ಎಮಿಲ್ ವಿಲ್ಮಾರ ಮುಂದೆ ನಿಂತ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮೂಗು ಒರೆಸಿಕೊಂಡ.

"ಮಿಸೆಸ್ ಮರಾಸ್ಕಿ, ಅವರಂಥ ಕೋಚ್ ಇನ್ನೊಬ್ಬ ಹುಟ್ಟಲ್ಲ. ಈ ಊರಲ್ಲಿ ನಮ್ಮನ್ನ ಮನುಷ್ಯರನ್ನಾಗಿ ಮಾಡಿದ್ದೇ ಅವರು." ಉಸಿರೆಳೆದುಕೊಂಡ. ಮುಖ ಕೆಂಪಾಯಿತು. "ಆದ್ರೆ ಮೊದಲು ಕದಲಿದ್ದು ನಾನಲ್ಲ!"

ಚಾವಣಿ ಹಾರಿಹೋಗುವಂತೆ ಜನ ಕೂಗಿದರು.

ಆಮೇಲೆ ಎಲ್ಲರೂ ಮೈದಾನಕ್ಕೆ ಹೋದರು. ಹೊಟ್ಟೆ ಬಂದವರು, ಮಂಡಿ ಹೋದವರು, ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಬಿಸಿಲಿನಲ್ಲಿ ಸುತ್ತು ಶುರುಮಾಡಿದರು. ಡಾಕ್ಟರು ತಮ್ಮದು ಮುಗಿದಿದ್ದರೂ ಸುಮ್ಮನೆ ಓಡಿದರು. ಬೇಲಿಯ ಬಳಿ ಇಬ್ಬರು ಮಾತ್ರ ನಿಂತಿದ್ದರು.

"ಓಡೋ ಭಾವಾ, ಮುಗಿಸಿಬಿಡು. ಇವತ್ತು ನಿನ್ನ ದಿನ."

"ಓಡಿದ್ರೆ ಒಪ್ಪಿಕೊಂಡ ಹಾಗೆ. ನೀನು ಓಡು."

"ನಾನ್ಯಾಕೆ? ಅವರು ಹಾಕಿದ್ದು ನಿನಗೆ."

"ಕದಲಿದ್ದು ನೀನು."

"ಸರಿ, ಆರು ನೀನು, ಆರು ನಾನು. ಆಯ್ತಾ?"

"ಅಂದ್ರೆ ಆರರಷ್ಟು ಒಪ್ಪಿಕೊಂಡೆ!"

"ಎಲ್ಲೋ ಒಪ್ಪಿಕೊಂಡೆ? ನಿನ್ನ ಮೇಲಿನ ಕನಿಕರಕ್ಕೆ ಅಂದೆ ಕಣೋ!"

"ನಿನ್ನ ಕನಿಕರ ನನಗೆ ಬೇಡ. ಹನ್ನೆರಡೂ ಓಡು!"

ಓಡಿದವರು ಮುಗಿಸಿ, ಬೆವರೊರೆಸಿಕೊಂಡು, ಉಳಿದ ಸಾಸೇಜು ತಿಂದು, ವಿಲ್ಮಾರನ್ನು ಕಾರಿಗೆ ಹತ್ತಿಸಿ ಕಳಿಸಿದರು. ಇವರಿಬ್ಬರ ಮಾತು ಇನ್ನೂ ನಡೆದೇ ಇತ್ತು. ಕೊನೆಗೆ ಎಮಿಲ್‌ನ ತಂಗಿ ಬಂದು ಗಂಡನನ್ನೂ ಅಣ್ಣನನ್ನೂ ಒಂದೊಂದು ಕೈಯಲ್ಲಿ ಹಿಡಿದು ಮನೆಗೆ ಎಳೆದುಕೊಂಡು ಹೋದಳು. ಆ ಹನ್ನೆರಡು ಸುತ್ತನ್ನು ಇದುವರೆಗೆ ಯಾರೂ ಓಡಿಲ್ಲ.