ಭಾಗಮ್ಮನ ಮುಳ್ಳುಬದನೆ

ನಿರ್ಣಾದ ಭಾಗಮ್ಮನಿಗೆ ನಂಬಿಕೆ ಎಂಬುದು ಹುಟ್ಟಿನಿಂದಲೇ ತುಸು ಕಡಿಮೆ ಬಿದ್ದಿತ್ತು. ಸೇರು ಹೋಗಿ ಕಿಲೋ ಬಂದ ಹೊಸತರಲ್ಲಿ, ಈ ಕಬ್ಬಿಣದ ಕಲ್ಲು ಒಳಗೆ ಪೊಳ್ಳು ಇರಬೇಕೆಂದು ಗೋಡೆಗೆ ಬಡಿದು ಸದ್ದು ಕೇಳಿದ ಹೆಂಗಸು ಅವಳು. ಓದು ಬರದಿದ್ದರೂ ಬಸ್ಸಿನ ಟಿಕೇಟನ್ನು ಪಕ್ಕದವರ ಟಿಕೇಟಿನ ಜೊತೆ ಹಿಡಿದು, ಉದ್ದವಾದರೂ ಒಂದೇ ಇದೆಯೋ ಇಲ್ಲವೋ ನೋಡುತ್ತಿದ್ದಳು. ಹುಮನಾಬಾದ್ ಸಂತೆಯಲ್ಲಿ ಕೂಡುವ ಜಾಗವನ್ನೂ ಹೀಗೇ ಅಳೆದು ಸುರಿದು ಆರಿಸಿದ್ದಳು. ಎಡಕ್ಕೆ ಹಳೇ ಗೋಡೆ. ಆದ್ದರಿಂದ ಬಲಗಡೆಯವರೊಬ್ಬರ ಮೇಲೆ ಅನುಮಾನಪಟ್ಟರೆ ಸಾಕಾಗುತ್ತಿತ್ತು.

ಬಲಗಡೆ ಕೂಡುತ್ತಿದ್ದವಳು ಗೌಹರ. ಹುಮನಾಬಾದಿನ ಹೊರಗೆ ಬಾವಿಯ ಮಗ್ಗುಲಲ್ಲಿ ಕಾಯಿಪಲ್ಯೆ ಬೆಳೆಯುವ ಮನೆಯವಳು, ಭಾಗಮ್ಮನಿಗಿಂತ ಹದಿನೈದು ವರ್ಷ ಚಿಕ್ಕವಳು. ಸಂತೆಯಲ್ಲಿ ಒಂದು ರೂಢಿಯಿತ್ತು. ನೀರಿಗೋ ಚಹಾಕ್ಕೋ ಏಳುವವರು ಪಕ್ಕದವರಿಗೆ "ಬುಟ್ಟಿ ಕಡಿ ನೋಡು" ಎಂದು ಹೇಳಿ ಹೋಗುವುದು, ಪಕ್ಕದವರು ತಮ್ಮ ವ್ಯಾಪಾರದ ಜೊತೆಗೆ ಅವರ ಗಿರಾಕಿಯನ್ನೂ ಸಂಭಾಳಿಸುವುದು. ಏಳು ವರ್ಷದಿಂದ ಗೌಹರ ಆ ಕೆಲಸವನ್ನು ಬೇಸರವಿಲ್ಲದೆ ಮಾಡಿದ್ದಳು. ಏಳು ವರ್ಷದಿಂದ ಭಾಗಮ್ಮ ಮರಳಿ ಬಂದೊಡನೆ ಬುಟ್ಟಿ ಎತ್ತಿ ಭಾರ ನೋಡುತ್ತಿದ್ದಳು.

ಈಚೆಗೆ ಎರಡು ವರ್ಷದಿಂದ ಭಾಗಮ್ಮನ ಕಣ್ಣಿಗೆ ಪೊರೆ ಬರತೊಡಗಿತ್ತು. ಮೊದಲು ದೂರದವರ ಮುಖಗಳು ಹೋದವು, ಆಮೇಲೆ ಹತ್ತಿರದವೂ ಹೋದವು. ಇದನ್ನು ಅವಳು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ತಾಯಿ ಬುಟ್ಟಿ ಹೊತ್ತು ಹೋಗುವುದು ಮಗ ಸೂರ್ಯಕಾಂತನಿಗೆ ಮೊದಲೇ ಮರ್ಯಾದೆಯ ಪ್ರಶ್ನೆಯಾಗಿತ್ತು. ಸಂತೆ ಬಿಡಿಸಲು ಅವನು ಒಂದು ನೆಪಕ್ಕಾಗಿ ಕಾಯುತ್ತಿದ್ದ. ಸಂತೆ ತಪ್ಪಿದರೆ ಬಾಕಿ ಆಯುಷ್ಯವನ್ನು ಬಾಗಿಲ ಕಟ್ಟೆಯ ಮೇಲೆ ಕೂತು ಕಳೆಯಬೇಕಾಗುತ್ತದೆ ಎಂಬುದು ಭಾಗಮ್ಮನ ಭಯವಾಗಿತ್ತು. ಹಾಗಾಗಿ ತೂಕದ ಕಲ್ಲನ್ನು ಭಾರದಿಂದ, ಚಿಲ್ಲರೆಯನ್ನು ಅಂಚಿನಿಂದ, ಗಿರಾಕಿಯನ್ನು ದನಿಯಿಂದ ಗುರುತು ಹಿಡಿಯುತ್ತ ದಿನ ದೂಡುತ್ತಿದ್ದಳು. ಬದನೆಕಾಯಿಯನ್ನಂತೂ ಬೇರೆಯವರ ಕೈಗೆ ಬಿಡುತ್ತಲೇ ಇರಲಿಲ್ಲ, ತಾನೇ ತೊಟ್ಟು ಸವರಿ ಸವರಿ ಕೀಳುತ್ತಿದ್ದಳು.

ಬದನೆಕಾಯಿ ಎಂದರೆ ಅವಳದು ತವರಿನಿಂದ ತಂದ ಬೀಜ. ತೊಟ್ಟಿನ ತುಂಬ ಮುಳ್ಳು. ಎಣ್ಣೆಗಾಯಿಗೆ ಅದೇ ಬೇಕೆಂದು ಕೇಳಿಕೊಂಡು ಬರುವವರಿದ್ದರು. ಗೌಹರಳ ತೋಟದ ಕಾಯಿಗೆ ಮುಳ್ಳೂ ಇರಲಿಲ್ಲ, ಆ ಹೆಸರೂ ಇರಲಿಲ್ಲ.

ಒಂದು ಸಂತೆಯ ದಿನ ನೀರು ಕುಡಿದು ಬಂದು ಬುಟ್ಟಿಗೆ ಕೈ ಹಾಕಿದರೆ, ಬೆರಳಿಗೆ ಒಂದು ನುಣುಪು ತೊಟ್ಟು ಹತ್ತಿತು. ಇನ್ನೊಂದು ಹಿಡಿದಳು, ಅದೂ ನುಣುಪು. ಇವು ಗೌಹರಳ ತೋಟದವು ಎಂದು ಭಾಗಮ್ಮನಿಗೆ ಆಗಲೇ ಗೊತ್ತಾಯಿತು. ಆದರೆ ಅವಳು ಅಷ್ಟಕ್ಕೇ ಬಾಯಿ ಮಾಡುವ ಪೈಕಿ ಅಲ್ಲ. ಮುಂದಿನ ವಾರ ಅಂಥವು ಐದು ಸಿಕ್ಕವು. ಅದರ ಮುಂದಿನ ವಾರ ಹನ್ನೊಂದು. ಇದರ ಮೇಲೆ ಗೌಹರಳ ಬಾಯಲ್ಲಿ ಬೆಲ್ಲ ಬೇರೆ ಸುರಿಯತೊಡಗಿತ್ತು.

"ಅಕ್ಕಾ, ಬಿಸಲು ಭಾಳ ಅದ. ಆರಾಮ ಚಹಾ ಕುಡದು ಬಾ. ನಾ ನೋಡಕೋತೀನಿ."

ನೋಡಿಕೊಳ್ಳುತ್ತೀಯಂತೆ ನೋಡಿಕೊಳ್ಳು, ಎಂದುಕೊಂಡಳು ಭಾಗಮ್ಮ. ನಾಲ್ಕನೆಯ ವಾರ ಚಹಾಕ್ಕೆಂದು ಎದ್ದವಳು ಹೋಟೆಲಿನ ಕಡೆ ಹೋಗಲೇ ಇಲ್ಲ. ಗೋಡೆ ಬಳಸಿ ಹಿಂದೆ ನಿಂತು ಕಿವಿ ಕೊಟ್ಟಳು. ಬುಟ್ಟಿ ಸರಿದ ಸದ್ದು. ಗೋಣಿಚೀಲದಲ್ಲಿ ಒಂದೊಂದೇ ಕಾಯಿ ಬಿದ್ದ ಸದ್ದು. ಅಷ್ಟು ಸಾಕಾಯಿತು.

"ಪಂಡರಿ ಕಾಕಾ, ಇಲ್ಲಿ ಬರ್ರಿ," ಎಂದು ಕೂಗುತ್ತಲೇ ಗೋಡೆಯ ಈಚೆ ಬಂದಳು. ಎದುರಿಗೆ ಬಳ್ಳೊಳ್ಳಿ ಮಾರುವ ಪಂಡರಿ ಆ ಸಾಲಿಗೆಲ್ಲ ಹಿರಿಯ. ಅಲ್ಲಿ ಜಗಳ ಬಿದ್ದರೆ ಅವನ ಮಾತೇ ಕೊನೆ. "ಈಕಿ ಚೀಲ ಸುರವ್ರಿ. ನನ್ನ ಮುಳ್ಳುಬದನಿ ಕದ್ದು ತನ್ನ ಹಾಳುಮೂಳು ತುಂಬಾಕತ್ತಾಳ."

"ಏಳು ವರ್ಷದ ಜೋಡಿ ಅದ ಭಾಗಮ್ಮಾ, ವಿಚಾರ ಮಾಡಿ ಮಾತಾಡು," ಎಂದ ಪಂಡರಿ.

"ಮೊದಲ ಸುರವ್ರಿ. ವಿಚಾರ ಆಮ್ಯಾಲ ಮಾಡೋಣು."

ಗೌಹರ ಚೀಲದ ಬಾಯಿ ಹಿಡಿದುಕೊಂಡಳು. "ಬ್ಯಾಡ ಅಕ್ಕಾ. ಸಂತಿ ಮುಗೀಲಿ, ನಿನಗೊಬ್ಬಾಕಿಗೇ ಹೇಳ್ತೀನಿ."

"ನನಗೊಬ್ಬಾಕಿಗೆ ಯಾಕ? ನಾಕ ಮಂದಿ ಕೇಳ್ಲಿ."

ನಾಲ್ಕಲ್ಲ, ನಲವತ್ತು ಮಂದಿ ಕೂಡಿದ್ದರು. ಅವರ ನಡುವೆ ನಿರ್ಣಾದ ದನಿಗಳೂ ಭಾಗಮ್ಮನ ಕಿವಿಗೆ ಬಿದ್ದವು. ಪಂಡರಿ ಚೀಲ ಸುರಿದ. ಕಾಯಿ ಉರುಳಿ ಅವಳ ಕಾಲಿಗೆ ಬಂದು ತಾಕಿದವು. "ಮುಳ್ಳ ಅದಾವ, ಭಾಗಮ್ಮನವೇ," ಎಂದರು ಯಾರೋ. ಪಂಡರಿ ಒಂದನ್ನು ಕೈಗೆತ್ತಿಕೊಂಡಿರಬೇಕು. "ಅಲ್ಲ ಗೌಹರ, ಇವೆಲ್ಲಾ..." ಎಂದು ಏನೋ ಕೇಳಹೋದ.

ಗೌಹರ ಅವನ ಮಾತನ್ನು ಅರ್ಧಕ್ಕೇ ತಡೆದಳು. "ನಾನೇ ತಗೊಂಡೀನ್ರಿ ಕಾಕಾ. ತಪ್ಪಾಗ್ಯದ. ಬರೋ ಸಂತಿಯಿಂದ ಬ್ಯಾರೆ ಕಡಿ ಕೂಡ್ತೀನಿ."

ಭಾಗಮ್ಮನಿಗೆ ಗೆದ್ದ ಹಿಗ್ಗು ನೆತ್ತಿಗೇರಿತು. ತನ್ನ ಮಾಲು ತಾನು ಆರಿಸಿಕೊಳ್ಳಲೆಂದು ಕುಕ್ಕರಗಾಲಲ್ಲಿ ಕೂತು ಒಂದು ಕಾಯಿ ಹಿಡಿದಳು. ತೊಟ್ಟಿನಲ್ಲಿ ಮುಳ್ಳಿತ್ತು. ಹಾಗೆಯೇ ಬೆರಳು ಕೆಳಗೆ ಜಾರಿತು, ಜಾರಿದ ಬೆರಳ ತುದಿ ಒಂದು ತೂತಿನೊಳಗೆ ಹೋಯಿತು. ಹುಳ ಹೊಕ್ಕ ತೂತು. ಇನ್ನೊಂದು ಹಿಡಿದಳು. ಅದರಲ್ಲೂ ತೂತು. ಮೂರನೆಯದು ಅರ್ಧಕ್ಕರ್ಧ ಕೊಳೆತು ಮೆತ್ತಗಾಗಿತ್ತು.

ಯುಗಾದಿಯ ಹೊತ್ತಿಗೆ ಕೆಲವು ಕಾಯಂ ಗಿರಾಕಿಗಳು ಬರುವುದನ್ನು ಬಿಟ್ಟಿದ್ದರು. ಆಮೇಲೆ ಮತ್ತೆ ಬರತೊಡಗಿದಾಗ ಅದು ತನ್ನ ಮಾತಿನ ಜಾಣತನ ಎಂದು ಭಾಗಮ್ಮ ಬೀಗಿದ್ದಳು. ಈಗ ಎಲ್ಲ ಗೊತ್ತಾಯಿತು. ಹುಳುಕನ್ನೆಲ್ಲ ಆರಿಸಿ ತೆಗೆದು, ಕಡಿಮೆ ಬಿದ್ದಷ್ಟಕ್ಕೆ ತನ್ನ ಬುಟ್ಟಿಯ ಒಳ್ಳೇ ಕಾಯಿ ಹಾಕುತ್ತ ಬಂದಿದ್ದಾಳೆ ಈ ಗೌಹರ. ಈಗ ಭಾಗಮ್ಮನ ಕಣ್ಣಿನ ಸಂಗತಿ ಮುಚ್ಚಿಡಲು ಕಳ್ಳಿ ಎಂಬ ಹೆಸರು ಹೊತ್ತು ನಿಂತಿದ್ದಾಳೆ.

ಭಾಗಮ್ಮ ಸುಮ್ಮನಿದ್ದರೆ ಸಂತೆ ಉಳಿಯುತ್ತಿತ್ತು. ಪಂಡರಿ ಬಾಯಿ ಬಿಡುವವನಲ್ಲ, ದೂರ ನಿಂತವರಿಗೆ ಹುಳುಕು ಕಂಡಿರಲಿಲ್ಲ. ಬಾಯಿ ಬಿಟ್ಟರೆ ಸಂಜೆಯ ಬಸ್ಸಿನಲ್ಲಿ ಸುದ್ದಿ ಅವಳಿಗಿಂತ ಮೊದಲು ನಿರ್ಣಾ ಮುಟ್ಟುತ್ತಿತ್ತು. ಅವಳು ಸುಮ್ಮನಿರಲು ನೋಡಿದಳು, ಸುಳ್ಳೇಕೆ ಹೇಳಬೇಕು. ಆದರೆ ಜನ್ಮದಲ್ಲಿ ಮೊದಲ ಸಲ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಬಂತು.

"ಕಾಕಾ, ಈಕಿ ಕದ್ದಿಲ್ರಿ," ಎಂದಳು. "ನನಗ ಕಣ್ಣು ಕಾಣಂಗಿಲ್ಲ. ಎರಡು ವರ್ಷ ಆತು. ಹುಳುಕು ಮಾರಾಕತ್ತಿದ್ದೆ, ಈಕಿ ನನ್ನ ಮಾನ ಉಳಿಸ್ಯಾಳ."

ಮಂದಿ ಒಬ್ಬೊಬ್ಬರಾಗಿ ಚದುರಿದರು.

"ಯಾಕ ಹೇಳ್ದಿ ಅಕ್ಕಾ?" ಎಂದು ಗೌಹರ ಮೆಲ್ಲಗೆ ಕೇಳಿದಳು.

"ನೀ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ನಂಬ್ತಿದ್ದೇನು?"

ಭಾಗಮ್ಮ ನೆಲದ ಮೇಲಿನ ಕಾಯಿಗಳನ್ನು ಸವರಿ ಚೀಲಕ್ಕೆ ತುಂಬತೊಡಗಿದಳು. ಸಂಜೆ ಬಸ್ಸಿನ ತನಕ ಗೌಹರ ಜೊತೆಗೆ ಬಂದಳು. "ಇನ್ನ ಸೂರ್ಯಕಾಂತ ನನಗ ಕಳಸಂಗಿಲ್ಲ," ಎಂದಳು ಭಾಗಮ್ಮ.

"ನಾ ಬಂದು ಕರಕೊಂಡು ಬರ್ತೀನಿ."

"ಇದರಾಗ ನಿನಗೇನು ಫಾಯದಾ?"

"ನೀ ಇಲ್ಲಾಂದ್ರ ನನಗ ಸಂತ್ಯಾಗ ಹೊತ್ತು ಹೋಗಂಗಿಲ್ಲ," ಎಂದಳು ಗೌಹರ.

ಭಾಗಮ್ಮ ಆ ಮಾತನ್ನು ನಂಬಲಿಲ್ಲ. ಆದರೆ ಮುಂದಿನ ಸಂತೆಯ ದಿನ ಗೌಹರ ಮೊದಲ ಬಸ್ಸಿಗೇ ನಿರ್ಣಾಕ್ಕೆ ಬಂದಳು, ಅದರ ಮುಂದಿನ ವಾರವೂ ಬಂದಳು. ಸೂರ್ಯಕಾಂತನ ಹಟ ಎರಡು ವಾರಕ್ಕೆ ಮುಗಿಯಿತು. ಆಮೇಲೆ ಎಂಟು ವರ್ಷ ಇದೇ ನಡೆಯಿತು. ಗೌಹರ ಒಳ್ಳೇ ಕಾಯಿಯನ್ನೂ ಹುಳುಕೆಂದು ಒಗೆಯುತ್ತಾಳೆ ಎಂಬ ಅನುಮಾನ ಭಾಗಮ್ಮನಿಗೆ ಕೊನೆಯವರೆಗೂ ಹೋಗಲಿಲ್ಲ. ಹುಮನಾಬಾದಿನಲ್ಲಿ ಬಸ್ಸು ನಿಂತೊಡನೆ ಮಾತ್ರ, ಗೌಹರ ಕೇಳುವ ಮೊದಲೇ ಅವಳು ಕೈ ಚಾಚುತ್ತಿದ್ದಳು.