ಗಾಡಿಯಲ್ಲಿ ಬಿಟ್ಟುಹೋದ ಗಣಪತಿ

ಎದುರುಮನೆ ಅಂಕಲ್ ಗಾಡಿ ನೋಡಲು ಹೋದರೆ ಅವರಿಗಿಂತ ಮೊದಲು ಅವರ ಮೂಗು ಒಳಗೆ ಹೋಗುತ್ತಿತ್ತು. ಉದ್ದನೆಯ, ತುದಿಗೆ ನಶ್ಯದ ಕಂದು ಹತ್ತಿದ ಮೂಗು. ಹಿಂದಿನ ಸೀಟಿನಲ್ಲಿ ಕುಳಿತು ಒಮ್ಮೆ ಉಸಿರೆಳೆದು, "ಹೂಂ, ಮನೆ ಗಾಡಿ" ಎಂದರೆ ಸಾಕು, ಜಯನಗರದ ನಮ್ಮ ರಸ್ತೆಯವರು ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾಗಿದ್ದ ಅವರಿಗೆ ಸ್ವಂತದ್ದೆಂದು ಒಂದು ಸೈಕಲ್ಲೂ ಇರಲಿಲ್ಲ. ಇಂಜಿನ್ ಮೆಕ್ಯಾನಿಕ್ ನೋಡಿಕೊಳ್ಳಲಿ, ನಾನು ಮಾರುವವರನ್ನು ನೋಡುತ್ತೇನೆ ಎನ್ನುತ್ತಿದ್ದರು. ಮಾರುವವರ ಮನೆಯಲ್ಲಿ ಕಾಫಿ ಕುಡಿಯದೆ ಯಾವ ಗಾಡಿಯನ್ನೂ ಒಪ್ಪಿದವರಲ್ಲ. ಕಾಫಿಗಾಗಿಯೇ ಬರುತ್ತಾರೆ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಎರಡು ಸಾವಿರದ ನಾಲ್ಕರಲ್ಲಿ ನಾನು ಬಸುರಿ. ಹಿಂದಿನ ವರ್ಷ ಒಂದು ಗರ್ಭ ನಿಂತಿರಲಿಲ್ಲ. ತೌರುಮನೆ ಗೊಟ್ಟಿಗೆರೆಯಲ್ಲಿ, ಆ ರಸ್ತೆಯ ಗುಂಡಿಗಳನ್ನು ನೆನೆದರೇ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಈ ಮಗುವನ್ನೂ ಕಳೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಎತ್ತರವಾಗಿರುವ ಪುಟ್ಟ ಎಸ್‌ಯುವಿಯೊಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೇನೋ ಎಂದು ನಾನು, ನನ್ನ ಗಂಡ, ಅಂಕಲ್ ಹುಡುಕಲು ಹೊರಟೆವು.

ಬನಶಂಕರಿಯಲ್ಲಿ ನೋಡಿದ್ದು ತೊಂಬತ್ತೆಂಟರ ಮಾಡೆಲ್. ಬಣ್ಣ ಮಾಸಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಗೋಂದಿನ ಗುರುತಷ್ಟೇ ಉಳಿದಿತ್ತು. ಗಾಡಿ ಮಾರುವಾಗ ಎಲ್ಲರೂ ಮಾಡುವಂತೆ ಅವರೂ ದೇವರನ್ನು ಮನೆಯೊಳಗೆ ಕರೆದುಕೊಂಡಿದ್ದರು. ಆ ಮನೆಯ ಅಜ್ಜಿ ಕಾಫಿ ಕೊಟ್ಟು, ಗಾಡಿಯನ್ನು ಸವರಿ ಕಣ್ಣೊರೆಸಿಕೊಂಡರು. ಅಂಕಲ್ ಒಪ್ಪಿಬಿಟ್ಟರು. ನನಗೋ ಅದರ ಕುಲುಕಾಟಕ್ಕೆ ಭಯವಾಯಿತು. ಜೆ.ಪಿ. ನಗರದ ಎರಡು ಸಾವಿರದ ಒಂದರ ಮಾಡೆಲ್‌ನಲ್ಲಿ ಸಿಮೆಂಟ್ ಮೂಟೆ ಸಾಗಿಸಿದ್ದರು. ಅಂಕಲ್ ಮೂಗು ಹೊರಗೇ ಉಳಿಯಿತು.

ಎರಡು ಸಾವಿರದ ಮೂರರ ಮಾಡೆಲ್ ಇದ್ದದ್ದು ಬಿಳೇಕಹಳ್ಳಿಯ ಒಬ್ಬ ಬ್ರೋಕರ್ ಹತ್ತಿರ. ಹೊಸದರಂತೆ ಹೊಳೆಯುತ್ತಿತ್ತು. ಒಂದು ಸುತ್ತು ಹೋಗಿ ಬಂದೆವು. ಗುಂಡಿ ಬಂದದ್ದೇ ಗೊತ್ತಾಗಲಿಲ್ಲ. ಅಂಕಲ್ ಮಾತ್ರ ಹಿಂದೆ ಕುಳಿತು ಮುಂದೆಯೇ ನೋಡುತ್ತಿದ್ದರು. ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪತಿ ಹಾಗೇ ಇತ್ತು, ಕಾಲ ಬಳಿ ಒಣಗಿದ ಹೂವಿನೊಂದಿಗೆ.

ದೇವರನ್ನು ಯಾಕೆ ಬಿಟ್ಟುಹೋದರು ಎಂದು ಅಂಕಲ್ ಕೇಳಿದರು. ಮರೆತಿರಬೇಕು ಎಂದ ಬ್ರೋಕರ್.

"ಹಾಗಾದ್ರೆ ಅವರ ಮನೆಗೆ ಹೋಗಿ ಕೊಟ್ಟು, ಕಾಫಿ ಕುಡ್ಕೊಂಡು ಬರೋಣ. ಅಡ್ರೆಸ್ ಕೊಡಿ."

ಬ್ರೋಕರ್ ಮೊದಲೇ ಶುಭ್ರವಾಗಿದ್ದ ಗಾಜನ್ನು ಮತ್ತೆ ಒರೆಸತೊಡಗಿದ. "ಆ ಮನೇಲಿ ಈಗ ಯಾರೂ ಇಲ್ಲ ಸಾರ್."

ಈ ಗಾಡಿ ಬೇಡಮ್ಮ ಎಂದರು ಅಂಕಲ್. ನನಗೆ ಸಿಟ್ಟು ಬಂತು. ಅಲ್ಲಾಡದ ಗಾಡಿ ಕೊನೆಗೂ ಸಿಕ್ಕಿದೆ, ನನಗೆ ಮಗು ಬೇಕು ಎಂದು ಅಲ್ಲೇ ಅತ್ತುಬಿಟ್ಟೆ. ಅವರು ಗಣಪತಿಯನ್ನು ಮೆಲ್ಲಗೆ ತಿರುಗಿಸಿ ಕಿತ್ತು, ಕರವಸ್ತ್ರದಲ್ಲಿ ಸುತ್ತಿಕೊಂಡರು.

"ಗಾಡಿ ತಗೊಳಮ್ಮ. ಇವನು ನನ್ ಜೊತೆ ಬರ್ಲಿ. ಕರ್ಕೊಂಡು ಹೋಗೋರು ಯಾರಾದ್ರೂ ಬೇಕಲ್ಲ."

ಮನೆಗೆ ತಂದು ತೊಳೆಯುವಾಗ ಹಿಂದಿನ ಕಿಟಕಿಯ ಒಳಬದಿಯಲ್ಲಿ ಬಿಂದಿಗಳು ಕಂಡವು, ಒಂದು ಸೊಟ್ಟ ಸಾಲಿನಲ್ಲಿ, ಪುಟ್ಟ ಮಗುವಿನ ಕೈಗೆಟುಕುವಷ್ಟು ಕೆಳಗೆ. ಗಂಡ ಬ್ಲೇಡಿನಿಂದ ಕೆರೆದು ತೆಗೆದರು. ಆಮೇಲೆ ಪ್ರತಿ ಸಲ ಹತ್ತುವಾಗಲೂ ಆ ಗಾಜಿನತ್ತ ಕಣ್ಣು ಹೋಗುತ್ತಿತ್ತು.

ಮಗಳು ಸುಖವಾಗಿ ಹುಟ್ಟಿದಳು. ಅವಳಿಗೆ ಹಲ್ಲು ಬರುತ್ತಿದ್ದ ಕಾಲದಲ್ಲಿ, ಯಾರದೋ ಗಾಡಿ ನೋಡಲು ಹೋದ ಅಂಕಲ್ ಬನ್ನೇರುಘಟ್ಟ ರಸ್ತೆಯಲ್ಲಿ ತೀರಿಕೊಂಡರು. ಲಾರಿ ಹಿಂದಿನಿಂದ ಗುದ್ದಿತ್ತು. ಮುಂದೆ ಕುಳಿತವರಿಗೆ ತರಚು ಗಾಯ. ಹಿಂದೆ ಕುಳಿತಿದ್ದವರು ಅಂಕಲ್ ಒಬ್ಬರೇ.

ವೈಕುಂಠ ಸಮಾರಾಧನೆಯ ದಿನ ಆಂಟಿ ನನ್ನನ್ನು ದೇವರ ಕೋಣೆಗೆ ಕರೆದು ಆ ಗಣಪತಿಯನ್ನು ತೋರಿಸಿದರು. "ದಿನಾ ನಿನ್ನ ಮಗು ಹೆಸರು ಹೇಳಿ ಒಂದು ಹೂ ಇಡ್ತಿದ್ರು. ಇನ್ನು ನೀನೇ ಇಡಮ್ಮ."

ಎರಡೂ ಕೈಯೊಡ್ಡಿ ತೆಗೆದುಕೊಂಡೆ. ಇವತ್ತಿಗೂ ನಮ್ಮ ಮನೆಯಲ್ಲಿದೆ. ಹೂ ಇಡುವಾಗ ಭಯವೂ ಆಗುತ್ತದೆ, ಆ ಉದ್ದ ಮೂಗು ನೆನಪಾಗಿ ಅಳುವೂ ಬರುತ್ತದೆ. ನನಗೆ ಬರಬೇಕಿದ್ದದ್ದನ್ನು ಅವರು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರೇ? ನನ್ನ ಗಂಡ ಹಾಗೆಲ್ಲ ಯೋಚಿಸಬೇಡ ಎನ್ನುತ್ತಾರೆ.

ಮಗಳು ಸ್ಕೂಲಿಗೆ ಸೇರಿದ ಮೇಲೆ ಗಾಡಿ ಮಾರಿದೆವು. ಕೊಳ್ಳಲು ಬಂದ ದಂಪತಿಯನ್ನು ಬಲವಂತವಾಗಿ ಒಳಗೆ ಕರೆದು ಕಾಫಿ ಕೊಟ್ಟೆ. ನನಗೆ ಗೊತ್ತಿದ್ದಷ್ಟನ್ನೂ ಮುಚ್ಚಿಡದೆ ಹೇಳಿದೆ. ಅವರು ಹೊರಟಾಗ ನಾವು ಮೂವರೂ ಗೇಟಿಗೆ ಬಂದು ನಿಂತೆವು, ಈ ಮನೆಯಲ್ಲಿ ಜನ ಇದ್ದಾರೆ ಎಂದು ಅವರಿಗೆ ಕಾಣಲಿ ಎಂದು. ಎದುರುಮನೆ ಗೇಟಿನಲ್ಲಿ ಯಾರೂ ಇರಲಿಲ್ಲ.