ಆಪರೇಷನ್ನಿಗೆ ಮುಂಚಿನ ಮಂಡಕ್ಕಿ

ಸಂಜೆ ಐದಾಯಿತೆಂದರೆ ನಮ್ಮ ಓಣಿಯ ಮೂಲೆಯ ಮಿರ್ಚಿ ಅಂಗಡಿಯಿಂದ ಕಾದ ಎಣ್ಣೆಯ ವಾಸನೆ ನೇರವಾಗಿ ನಮ್ಮ ಪಡಸಾಲೆಗೇ ಬರುತ್ತದೆ. ಇಷ್ಟು ವರ್ಷ ನನಗದು ಕರೆಯೋಲೆಯಾಗಿತ್ತು. ಹೋದ ವಾರದಿಂದ ಶಿಕ್ಷೆಯಾಗಿದೆ. ಪಿತ್ತಕೋಶದಲ್ಲಿ ಕಲ್ಲುಗಳಾಗಿವೆ, ಕೋಶವನ್ನೇ ತೆಗೆಯಬೇಕು, ಕರಿದದ್ದನ್ನು ಮುಟ್ಟಲೇಬೇಡಿ ಎಂದಿದ್ದಾರೆ ಡಾಕ್ಟರು. ಮಂಡಕ್ಕಿ ಮಿರ್ಚಿಗೇ ಹೆಸರಾದ ಕೊಟ್ಟೂರಿನವನಿಗೆ ಹೇಳುವ ಮಾತೇ ಇದು, ನೀವೇ ಹೇಳಿ. ನನ್ನ ಮುಖ ನೋಡಲಾರದೆ ಹೆಂಡತಿ, ಎಲ್ಲ ಸುಸೂತ್ರವಾಗಿ ಮುಗಿಸಿಕೊಂಡು ಬಂದ ಮೇಲೆ ಮನೆಯಲ್ಲಿ ಕೃತಜ್ಞತಾ ಕೂಟ ಇಟ್ಟು, ಸಭೆಯವರಿಗೆಲ್ಲ ಮಂಡಕ್ಕಿ ಮಿರ್ಚಿ ಹಂಚೋಣ ಎಂದಳು. ಆಗ ನನಗೆ ಎಸ್ತೇರಮ್ಮ ಟೀಚರ್ ನೆನಪಾದರು.

ನಮ್ಮದು ಹದಿನೈದು ಮನೆಗಳ ಸಣ್ಣ ಕ್ರೈಸ್ತ ಸಭೆ. ಹೆಂಚಿನ ದೇವಾಲಯದಲ್ಲಿ ಒಂದು ಹಾರ್ಮೋನಿಯಂ ಇತ್ತು, ಆದರೆ ಅದರ ತಿದಿಯನ್ನು ಇಲಿಗಳು ಎಂದೋ ತಿಂದು ಮುಗಿಸಿದ್ದವು. ಹಾಗಾಗಿ ಎಲ್ಲ ಹಾಡಿಗೂ ಎಸ್ತೇರಮ್ಮ ಟೀಚರ ಗಂಟಲೇ ಆಧಾರ. ಊರಿನ ಅರ್ಧ ಮಕ್ಕಳಿಗೆ ಮಗ್ಗಿ ಕಲಿಸಿದ ಗಂಟಲು ಅದು. ನಾನೂ ಅವರ ಕೈಯಲ್ಲಿ ಕಲಿತವನೇ. ಅವರು ಹಾಡು ಎತ್ತಿದರೆ ಎರಡನೆಯ ಸಾಲಿಗೆ ಗಂಡಸರೆಲ್ಲ ಕೈಚೆಲ್ಲುತ್ತಿದ್ದೆವು. ಅಷ್ಟು ಎತ್ತರದ ಶ್ರುತಿ. ನಾನಂತೂ ಪುಸ್ತಕ ಹಿಡಿದು ಬರೀ ಬಾಯಿ ಆಡಿಸುತ್ತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಊರಿಗೆ ಎಸ್‌ಟಿಡಿ ಬೂತು ಬಂದ ಹೊಸದರಲ್ಲಿ ಟೀಚರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ವರ್ಷಕಾಲ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟರು. ನುಂಗಲು ಕಷ್ಟವಾದಾಗ ದಾವಣಗೆರೆಗೆ ಹೋಗಿ ತೋರಿಸಿದರು. ಆಪರೇಷನ್ ಆಗಲೇಬೇಕು, ಆದರೆ ಧ್ವನಿಯ ನರ ಗಂಟಿಗೆ ಅಂಟಿಕೊಂಡಂತೆಯೇ ಇದೆ, ಧ್ವನಿ ಉಳಿಯುವ ಭರವಸೆ ಕೊಡಲಾರೆವು ಎಂದು ಅಲ್ಲಿನ ಡಾಕ್ಟರು ಬಿಚ್ಚಿ ಹೇಳಿದರಂತೆ. ಟೀಚರು ಬಸ್ಸಿನಲ್ಲಿ ವಾಪಸು ಬಂದವರು, ಆ ಭಾನುವಾರ ಆರಾಧನೆ ಮುಗಿದೊಡನೆ ಅಯ್ಯನವರ ಬಳಿ ಹೋಗಿ, ಮುಂದಿನ ವಾರ ತಮ್ಮ ಮನೆಯಲ್ಲಿ ಕೃತಜ್ಞತಾ ಕೂಟ ಇಡಬೇಕೆಂದು ಕೇಳಿದರು.

ಅಯ್ಯನವರೆಂದರೆ ನಮ್ಮ ಸಭಾಪಾಲಕರು, ಹರಪನಹಳ್ಳಿಯಿಂದ ಬಂದು ಹೋಗುತ್ತಿದ್ದ ಸೌಮ್ಯ ಮನುಷ್ಯ. ಅವರಿಗೆ ಇಕ್ಕಟ್ಟಾಯಿತು. ಗುಣವಾದ ಮೇಲೆ ಕೃತಜ್ಞತೆ ಸಲ್ಲಿಸುವುದು ಪದ್ಧತಿ, ಈಗ ಬೇಕಾದರೆ ವಿಶೇಷ ಪ್ರಾರ್ಥನೆ ಇಡೋಣ ಎಂದರು. ನಾನು ಆಗ ಸಭೆಯ ಕಾರ್ಯದರ್ಶಿ, ವಯಸ್ಸು ಮೂವತ್ತರ ಆಸುಪಾಸು, ಬುದ್ಧಿ ಅಗತ್ಯಕ್ಕಿಂತ ಸ್ವಲ್ಪ ಜಾಸ್ತಿ. ಮೊದಲೇ ಕೃತಜ್ಞತೆ ಸಲ್ಲಿಸಿ ದೇವರನ್ನು ಕಟ್ಟಿಹಾಕುವ ಉಪಾಯ ಇದೆಂದು ನನಗೆ ಹೊಳೆದುಬಿಟ್ಟಿತ್ತು.

"ಟೀಚರ್, ಇದು ದೇವರಿಗೆ ಅಡ್ವಾನ್ಸ್ ಕೊಟ್ಟಂಗ ಆಗಂಗಿಲ್ಲೇನ್ರಿ?" ಎಂದೆ.

"ಅಡ್ವಾನ್ಸ್ ಅಲ್ಲೋ ತಮ್ಮಾ," ಎಂದರು ಟೀಚರು. "ಇಷ್ಟು ವರ್ಷ ಹಾಡಿಸ್ಯಾನಲ್ಲ, ಅದರದು ಇನ್ನೂ ಹೇಳೇ ಇಲ್ಲ. ಹೇಳಾಕ ಗಂಟ್ಲ ಇದ್ದಾಗ ಹೇಳಿಬಿಡ್ತೀನಿ."

ಅಯ್ಯನವರು ಡೈರಿ ತೆಗೆದು ಕೂಟದ ದಿನ ಬರೆದುಕೊಂಡರು.

ಕೂಟದ ದಿನ ಅವರ ಮನೆಯ ಚಾಪೆ ಸಾಲದೆ ಪಕ್ಕದ ಲಿಂಗಾಯತರ ಮನೆಯಿಂದ ಜಮಖಾನೆ ತಂದೆವು. ಆ ಮನೆಯ ಹೆಂಗಸರೂ ಬಂದು ಬಾಗಿಲಲ್ಲಿ ಕೂತರು. ಹೆದರಿಕೆ ಇದೆ, ಇಲ್ಲವೆಂದರೆ ದೇವರ ಮುಂದೆ ಸುಳ್ಳು ಹೇಳಿದಂತಾಗುತ್ತದೆ ಎಂದೇ ಟೀಚರು ಪ್ರಾರ್ಥನೆ ಶುರು ಮಾಡಿದರು. ಆಮೇಲೆ ಮಗ್ಗಿ ಹೇಳಿಸಿದ ಧ್ವನಿಗಾಗಿ, ಮಗಳಿಗೆ ಜೋಗುಳ ಹಾಡಿದ ಧ್ವನಿಗಾಗಿ, ಗಂಡನನ್ನು ಮಣ್ಣು ಮಾಡಿದ ದಿನವೂ ನಡುಗದೆ ಹಾಡಿದ ಧ್ವನಿಗಾಗಿ ಒಂದೊಂದಾಗಿ ಕೃತಜ್ಞತೆಯ ಸ್ತೋತ್ರ ಹೇಳಿದರು. ಇದನ್ನು ಉಳಿಸು ಎಂದು ಒಮ್ಮೆಯೂ ಕೇಳಲಿಲ್ಲ. ಕೊನೆಗೆ ತಮ್ಮ ಎತ್ತರದ ಶ್ರುತಿಯಲ್ಲೇ ಒಂದು ಹಾಡನ್ನು ಪೂರ್ತಿ ಹಾಡಿದರು. ಯಾರೂ ದನಿಗೂಡಿಸಲಿಲ್ಲ, ಆ ದಿನ ಯಾರಿಗೂ ಅದು ಆಗುತ್ತಿರಲಿಲ್ಲ. ಆಮೇಲೆ ಕಾಗದದಲ್ಲಿ ಮಂಡಕ್ಕಿ, ಬಿಸಿ ಮಿರ್ಚಿ ಬಂತು. ನಾನು ಆರು ಮಿರ್ಚಿ ತಿಂದೆ. ಕಣ್ಣೀರಿಗೆ ಖಾರದ ನೆಪ ಸಿಕ್ಕಿತು.

ಆಪರೇಷನ್ನಿನ ಸುದ್ದಿ ಬೂತಿಗೆ ಬಂತು. ಗಂಟು ಪೂರಾ ತೆಗೆದಿದ್ದಾರೆ, ಕ್ಯಾನ್ಸರ್ ಗಂಟು ಅಲ್ಲವಂತೆ ಎಂದು ಟೀಚರ ಮಗಳು ಹೇಳಿದಳು. ಧ್ವನಿ ಹೇಗಿದೆ ಎಂದು ಕೇಳಿದೆ. "ತುಟಿ ಆಡಸ್ತಾಳಣ್ಣ, ದನಿ ಬರವಲ್ದು" ಎಂದಳು.

ಮೂರು ತಿಂಗಳು ಹಾಡು ಎತ್ತುವ ಕೆಲಸ ನನ್ನ ತಲೆಗೆ ಬಂತು. ನಾನು ಎತ್ತಿದ ಹಾಡು ಯಾವ ರಾಗದಲ್ಲಿ ಮುಗಿಯುತ್ತದೆಂದು ನನಗೇ ಗೊತ್ತಿರುತ್ತಿರಲಿಲ್ಲ. ಟೀಚರು ಎರಡನೆಯ ಬೆಂಚಿನಲ್ಲಿ ಕೂತು ಬರೀ ಬಾಯಿ ಆಡಿಸುತ್ತಿದ್ದರು. ಅದನ್ನು ನೋಡುವಾಗ ನನ್ನ ಹಳೆಯ ಕಳ್ಳತನ ನೆನಪಾಗಿ ನಾಚಿಕೆಯಾಗುತ್ತಿತ್ತು.

ಒಂದು ಭಾನುವಾರ ನಾನು ಬಾಯಿ ತೆರೆಯುವ ಮೊದಲೇ ಟೀಚರು ಎದ್ದು ನಿಂತು ಹಾಡು ಎತ್ತಿದರು. ದನಿ ಬಂದಿತ್ತು, ಆದರೆ ಅದು ಹಳೆಯದಲ್ಲ. ಬೀಸುಕಲ್ಲಿನ ಸದ್ದಿನಂತೆ ಕೆಳಗಿನ, ಒರಟು ದನಿ. ಎರಡನೆಯ ಸಾಲು ಬಂತು, ಮೂರನೆಯದೂ ಬಂತು, ಯಾರೂ ಹಿಂದೆ ಬೀಳಲಿಲ್ಲ. ಗೋಡೆಗೊರಗಿ ಕೂರುವ ಮುದುಕರೂ ಹಾಡುತ್ತಿದ್ದರು. ನನ್ನ ದನಿಯೂ ನನಗೆ ಕೇಳಿಸಿತು.

ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ ಟೀಚರಿಗೆ, ಹಳೆಯ ದನಿ ಹೋಯಿತಲ್ಲ ಎಂದು ಸಂಕಟದಿಂದಲೇ ಹೇಳಿದೆ. ಅವರು ನಕ್ಕರು. "ಮೊದ್ಲು ನಾ ಒಬ್ಬಾಕಿ ಹಾಡ್ತಿದ್ದೆ, ನೀನು ಬಾಯಿ ಆಡಸ್ತಿದ್ದಿ. ನನಗ ಗೊತ್ತಿಲ್ಲ ಅನ್ಕಂಡಿದ್ದೇನು? ಈಗ ಸಭಿ ಹಾಡ್ತೈತಿ." ಆಮೇಲೆ ಕುತ್ತಿಗೆಯ ಗೆರೆಯ ಮೇಲೆ ಸೆರಗು ಎಳೆದುಕೊಂಡು ಮೆಲ್ಲಗೆ ಹೇಳಿದರು: "ಹಳೇದು ನೆನಪಾಗ್ತೈತಿ, ಖರೇವ. ಆದ್ರ ಅದಕ್ಕ ಸ್ತೋತ್ರ ಹೇಳೇ ಕಳಿಸೀನಲ್ಲ."

ಆ ದನಿಯಲ್ಲೇ ಅವರು ಇನ್ನೂ ಹನ್ನೆರಡು ವರ್ಷ ನಮ್ಮನ್ನು ಹಾಡಿಸಿದರು. ಈಗ ಅವರಿಲ್ಲ.

ಇಷ್ಟೆಲ್ಲ ನೆನೆಸಿಕೊಳ್ಳುವಷ್ಟರಲ್ಲಿ ಮೂಲೆಯ ಅಂಗಡಿಯಲ್ಲಿ ಎರಡನೆಯ ಬಾಣಲೆ ಇಳಿದಿತ್ತು. ಹೆಂಡತಿಯನ್ನು ಕರೆದು, ಕೂಟ ಈ ಭಾನುವಾರವೇ ಇಡೋಣ ಎಂದೆ.

"ಆಪರೇಷನ್ ಆಗೋದು ಮುಂದಿನ ವಾರ. ಯಾವುದಕ್ಕ ಕೂಟ ಅಂತ ಅಯ್ನೋರಿಗೆ ಹೇಳ್ಳಿ?"

"ಐವತ್ತೆಂಟು ವರ್ಷ ಮಿರ್ಚಿ ಅರಗಿಸಿದ್ದಕ್ಕ ಅಂತ ಹೇಳು."

ಅವಳು ನಗಲು ಹೋಗಿ ಕಣ್ಣೊರೆಸಿಕೊಂಡಳು. ನನಗೂ ಹೆದರಿಕೆ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಭಾನುವಾರ ಮಿರ್ಚಿಯನ್ನು ನನ್ನ ಕೈಯಾರೆ ನಾನೇ ಹಂಚುತ್ತೇನೆ. ಹಾಡನ್ನೂ ನಾನೇ ಎತ್ತುತ್ತೇನೆ, ಎಲ್ಲರಿಗೂ ಎಟುಕುವ ಹಾಗೆ, ಟೀಚರ ಕೆಳಗಿನ ಶ್ರುತಿಯಲ್ಲಿ.